ಕಾಲು ನಿಲ್ಲದ ಸಹಾಯಕಿ

ತರಗತಿಯಲ್ಲಿ ನನಗೆ ಕುರ್ಚಿ ಇಲ್ಲ. ದೂರು ಹೇಳುತ್ತಿಲ್ಲ, ನನ್ನ ಕೆಲಸ ಏನೆಂದು ಕೇಳಿದವರಿಗೆ ಇಲ್ಲಿಂದ ಶುರು ಮಾಡುವುದು ಸುಲಭ. ಟೀಚರಿಗೆ ಮೇಜು, ಕುರ್ಚಿ ಇವೆ. ಮೂವತ್ತೆಂಟು ಮಕ್ಕಳಿಗೆ ಇಪ್ಪತ್ತು ಬೆಂಚುಗಳಿವೆ. ಸಹಾಯಕಿ ಎನ್ನುವವಳು ಎಲ್ಲಿ ಸಂದು ಸಿಕ್ಕಿತೋ ಅಲ್ಲಿ ತೂರಿಕೊಳ್ಳಬೇಕು. ಏಳೆಂಟು ವರ್ಷದವರ ಅಳತೆಗೆ ಮಾಡಿದ ಹಲಗೆಯ ಮೇಲೆ, ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತು ಕೂತು ನನ್ನ ಸೊಂಟಕ್ಕೆ ಎರಡೇ ವರ್ಷದಲ್ಲಿ ಮುಪ್ಪು ಬಂದಿದೆ. ಟೀಚರ್ ಗಟ್ಟಿಯಾಗಿ ಹೇಳಿದ್ದನ್ನು ನಾನು ಪಿಸುದನಿಯಲ್ಲಿ ಇನ್ನೊಮ್ಮೆ ಹೇಳುತ್ತೇನೆ. ಪೆನ್ಸಿಲ್ ಚೂಪು ಮಾಡುತ್ತೇನೆ, ಶೂ ಲೇಸು ಕಟ್ಟುತ್ತೇನೆ, ಮೂಗು ಒರೆಸುತ್ತೇನೆ, ಉದುರಿದ ಹಲ್ಲನ್ನು ಕಾಗದದಲ್ಲಿ ಸುತ್ತಿ ಬ್ಯಾಗಿಗೆ ಹಾಕುತ್ತೇನೆ. ಮಕ್ಕಳು ಅವರನ್ನು ಟೀಚರ್ ಎನ್ನುತ್ತಾರೆ, ನನ್ನನ್ನು ಅಕ್ಕ ಎನ್ನುತ್ತಾರೆ. ಆದರೆ ನನ್ನ ಕೆಲಸದ ಆದೇಶದಲ್ಲಿ ಬರೆದಿದ್ದು ಒಂದೇ ಒಂದು ಮಗುವಿನ ವಿಷಯ.

ಆ ಮಗುವಿಗೆ ನಾನು ಇಟ್ಟ ಹೆಸರು ಪತ್ತೇದಾರಿ. ಎಂಟು ವರ್ಷ, ಮಾತು ಕಮ್ಮಿ, ಕಣ್ಣು ಜಾಸ್ತಿ. ಟೀಚರ್ ಕೈಗಡಿಯಾರ ಎಡಗೈಯಿಂದ ಬಲಗೈಗೆ ಬಂದಿದ್ದರೆ, ಜವಾನನ ಅಂಗಿಯ ಒಂದು ಗುಂಡಿ ಬೇರೆ ಬಣ್ಣದ್ದಾಗಿದ್ದರೆ, ಮೊದಲು ಕಾಣುವುದು ಅವಳಿಗೆ. ಬೆರಳು ತೋರಿಸಿ "ಬೇರೆ" ಎನ್ನುತ್ತಾಳೆ, ಅಷ್ಟೇ. ಪಾಠ ಮಾತ್ರ ಒಳಗೆ ಇಳಿಯದು. ಮಿಕ್ಕ ಮಕ್ಕಳು ಕಥೆ ಓದುವ ಹೊತ್ತಿಗೆ ಅವಳು ಅಕ್ಷರಗಳ ಮೇಲೆ ಬೆರಳಾಡಿಸುತ್ತ ಕಿಟಕಿಯಾಚೆ ನೋಡುತ್ತಿದ್ದಳು. ಅದಕ್ಕೇ ನನ್ನನ್ನು ಅವಳ ಪಕ್ಕ ಕೂರಿಸಿದ್ದು.

ನಮ್ಮ ಪಾಠ ಇಪ್ಪತ್ತೈದು ಕಾರ್ಡುಗಳದ್ದು. ಒಂದೊಂದು ಕಾರ್ಡಿನಲ್ಲಿ ಒಂದೊಂದು ಪದ. ಪದದ ಕಾರ್ಡನ್ನು ಡೆಸ್ಕಿನ ಮೇಲಿಟ್ಟು, ಅದರ ಕೆಳಗೆ ನಾಲ್ಕು ಚಿತ್ರಗಳನ್ನು ಸಾಲಾಗಿ ಇಡುತ್ತೇನೆ. ಅವಳು ಪದ ನೋಡಿ ಸರಿಯಾದ ಚಿತ್ರ ತೋರಿಸಬೇಕು. ಅವಳು ಬೆರಳನ್ನು ಮೀನಿನ ಮೇಲೆ, ದೋಣಿಯ ಮೇಲೆ, ಏಣಿಯ ಮೇಲೆ ಮೆಲ್ಲಗೆ ಸರಿಸಿಕೊಂಡು ಹೋಗಿ ಒಂದರ ಮೇಲೆ ಒತ್ತಿ ಹಿಡಿಯುತ್ತಾಳೆ. ಮೊದಲ ತಿಂಗಳು ಇಪ್ಪತ್ತೈದಕ್ಕೆ ಐದು ಬರುತ್ತಿತ್ತು. ಆಮೇಲೆ ಹತ್ತು, ಹದಿನೈದು. ಎರಡನೇ ವರ್ಷಕ್ಕೆ ಬಂದಾಗ ಇಪ್ಪತ್ತೆರಡಕ್ಕೆ ಕಮ್ಮಿ ಇಳಿದದ್ದೇ ಇಲ್ಲ. ನಾನು ನೆಲ ಕಾಣದೆ ನಡೆಯುತ್ತಿದ್ದೆ. ಬೇರೆ ತರಗತಿಯ ಸಹಾಯಕಿಯರು ಸಿಕ್ಕಿದಲ್ಲೆಲ್ಲ ಅದನ್ನೇ ಕೊಚ್ಚಿಕೊಂಡೆ. ನನ್ನನ್ನು ಕಂಡರೆ ಅವರು ದಾರಿ ಬದಲಿಸುವಷ್ಟು.

ಅವಳ ತಾಯಿ ರೆಡಿಮೇಡ್ ಅಂಗಡಿಯೊಂದರಲ್ಲಿ ತೋಳು ಹೊಲಿಯುವ ಟೈಲರು. ಮಧ್ಯಾಹ್ನ ಬಿಡುವಿನಲ್ಲಿ ಕೊರಳಿಗೆ ಟೇಪು ಸುತ್ತಿಕೊಂಡೇ ಮಗಳನ್ನು ಕರೆದೊಯ್ಯಲು ಓಡಿಬರುತ್ತಾಳೆ. ದಿನವೂ ಗೇಟಿನಲ್ಲಿ ಒಂದೇ ಪ್ರಶ್ನೆ: "ಅಕ್ಕ, ಇವತ್ತೆಷ್ಟು?" ನಾನು ಅಂಕದ ಹಾಳೆ ಕೊಡುತ್ತೇನೆ. ಅದನ್ನು ಮಡಚದೆ, ಎರಡು ಬೆರಳಲ್ಲಿ ಹಿಡಿದುಕೊಂಡು ಹೋಗುತ್ತಾಳೆ. ಹೊಲಿಗೆ ಯಂತ್ರದ ಮುಂದಿನ ಗೋಡೆಗೆ ಎಲ್ಲವನ್ನೂ ಅಂಟಿಸಿದ್ದಾಳಂತೆ.

ಅಂಕದ ಮೇಲೆ ಇಷ್ಟೊಂದು ಜೀವ ಇಟ್ಟುಕೊಳ್ಳಲು ಕಾರಣವಿತ್ತು. ಎರಡನೇ ತರಗತಿ ಮುಗಿಯುವಾಗ ಕಚೇರಿಯಿಂದ ಪರೀಕ್ಷಕರೊಬ್ಬರು ಬರುತ್ತಾರೆ. ಇಪ್ಪತ್ತೈದಕ್ಕೆ ಹದಿನೈದು ಬಂದರೆ ಮಗು ತನ್ನ ಜೊತೆಯವರ ಸಂಗಡ ಮೂರನೇ ತರಗತಿಗೆ ಹೋಗುತ್ತದೆ. ಬರದಿದ್ದರೆ ಊರಾಚೆಯ ಇನ್ನೊಂದು ಶಾಲೆಗೆ, ಎರಡು ಬಸ್ಸು ಬದಲಿಸಿ. ನಾನು ಅದನ್ನು ಒಮ್ಮೆ ನೋಡಿ ಬಂದಿದ್ದೇನೆ. ಕೆಟ್ಟ ಜಾಗವೇನಲ್ಲ, ಕಿಟಕಿಗಳಿವೆ, ನಗುವ ಆಯಾಗಳಿದ್ದಾರೆ. ಆದರೆ ಅಲ್ಲಿ ಪುಸ್ತಕ ಇಲ್ಲ. ದೊಡ್ಡ ಮಕ್ಕಳು ಚಿಕ್ಕ ಮಕ್ಕಳ ಪಕ್ಕ ಕೂತು ಕಾಗದದ ಚೀಲ ಅಂಟಿಸುತ್ತಾರೆ. ಅಲ್ಲಿಗೆ ಹೋದ ಮಗುವಿಗೆ ಓದು ಕಲಿಸಲು ಆಮೇಲೆ ಯಾರೂ ಪ್ರಯತ್ನಿಸುವುದಿಲ್ಲ.

ನನ್ನ ಸ್ವಭಾವದ ಬಗ್ಗೆಯೂ ಒಂದು ಮಾತು ಹೇಳಬೇಕು. ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ಕೂತರೆ ಕಾಲು ಅದರ ಪಾಡಿಗೆ ಅಲ್ಲಾಡುತ್ತಿರುತ್ತದೆ. ನಮ್ಮನೆಯವರು ಕ್ಷೌರಿಕರು. "ಗಿರಾಕಿ ಯಾರಾದ್ರೂ ನಿನ್ನ ಹಾಗೆ ಕುರ್ಚೀಲಿ ಅಲ್ಲಾಡಿದ್ರೆ ಕಿವಿ ಕೈಗೆ ಬಂದಿರುತ್ತೆ" ಎಂದು ದಿನಕ್ಕೊಮ್ಮೆಯಾದರೂ ರೇಗಿಸುತ್ತಾರೆ. ನಾನು ಅದನ್ನು ಕಿವಿಗೇ ಹಾಕಿಕೊಂಡವಳಲ್ಲ.

ಪರೀಕ್ಷೆಗೆ ಎರಡು ವಾರದ ಮೇಲೆ ಸ್ವಲ್ಪ ಉಳಿದಿತ್ತು. ಒಂದು ಬುಧವಾರ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆ. ಅವರು ಹನಿ ಹಾಕಿ ಕಳಿಸಿದರು. ಹತ್ತಿರದ್ದೆಲ್ಲ ಮಂಜು ಮಂಜು. ಮನೆಗೆ ಹೋಗಿ ಮಲಗಬಹುದಿತ್ತು, ಆದರೆ ಪತ್ತೇದಾರಿಯ ಪಾಠ ಒಂದು ದಿನವೂ ತಪ್ಪಬಾರದೆಂಬ ಹಟ ನನ್ನದು. ಕಾರ್ಡು ಹಾಕಿದೆ. ನನಗೆ ಪದವೂ ಕಾಣುತ್ತಿರಲಿಲ್ಲ, ಚಿತ್ರವೂ ಕಾಣುತ್ತಿರಲಿಲ್ಲ. ಅಂಕ ಹಾಕಲು ಟೀಚರನ್ನೇ ಕರೆದೆ. ಅವರು ಹಿಂದೆ ನಿಂತು ಗುರುತು ಹಾಕುತ್ತಾ ಹೋದರು.

"ಆರು" ಎಂದರು ಕೊನೆಗೆ.

"ಆರು ತಪ್ಪಾ?"

"ಆರು ಸರಿ ಕಣಮ್ಮ. ಇವತ್ತು ಅವಳಿಗೆ ಮನಸ್ಸಿಲ್ಲ ಅನ್ಸುತ್ತೆ. ಹಾಳೆ ಕೊಡ್ಬೇಡ, ಅವಳ ತಾಯಿಗೆ ನಾನೇ ಹೇಳ್ತೀನಿ."

ಪತ್ತೇದಾರಿ ನನ್ನ ತೋಳು ಹಿಡಿದು ಜಗ್ಗಿದಳು. ಮುಖ ಸರಿಯಾಗಿ ಕಾಣದಿದ್ದರೂ ಅವಳಿಗೆ ಅಳು ಬಂದಿದೆಯೆಂದು ಗೊತ್ತಾಯಿತು. "ಅಕ್ಕ ಇಲ್ಲ" ಎಂದಳು. ನಾನು ಅವಳ ಪಕ್ಕದಲ್ಲೇ, ಮೈಗೆ ಮೈ ತಾಗುವಂತೆ ಕೂತಿದ್ದೆ. ಆದರೂ ಅದನ್ನೇ ಹೇಳಿದಳು. "ಅಕ್ಕ ಇಲ್ಲ."

ಮಾರನೇ ದಿನ ಕಣ್ಣು ಸರಿಹೋಯಿತು, ಇಪ್ಪತ್ತಮೂರು ಬಂತು. ಬೇರೆ ಯಾರಾದರೂ ಆಗಿದ್ದರೆ ಅಷ್ಟಕ್ಕೇ ಬಿಡುತ್ತಿದ್ದರೇನೋ. ನಾನು ಬಿಡಲಿಲ್ಲ. ಶುಕ್ರವಾರ ಹಾಜರಿ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದು, ಅದರ ಅಂಚಿನ ಮೇಲಿಂದ ಕಾರ್ಡು ನೋಡುತ್ತ ಪಾಠ ಮಾಡಿದೆ. ಇಪ್ಪತ್ತೆರಡು. ಸದ್ಯ ಬದುಕಿದೆ, ಅವಳು ನನ್ನ ಮುಖ ನೋಡಿ ಹೇಳುತ್ತಿಲ್ಲ ಅಂದುಕೊಂಡೆ. ಆದರೂ ಮನಸ್ಸು ಕೇಳಲಿಲ್ಲ. ಶನಿವಾರ ಪದದ ಕಾರ್ಡುಗಳನ್ನು ಅವಳಿಗೆ ಮಾತ್ರ ಕಾಣುವ ಹಾಗೆ, ನನಗೆ ಬೆನ್ನು ಮಾಡಿ ನಿಲ್ಲಿಸಿದೆ. ಯಾವ ಪದ ಎಂದು ನನಗೇ ಗೊತ್ತಿರಲಿಲ್ಲ. ಅವಳು ಒತ್ತಿದ ಚಿತ್ರವನ್ನು ಆಯಾ ಕಾರ್ಡಿನ ಜೊತೆಗಿಟ್ಟು, ತಾಯಿಗೆ ಇವತ್ತು ಅಂಕ ಹಾಕಿಲ್ಲ ಎಂದು ಹೇಳಿ ಕಳಿಸಿದ ಮೇಲೆ ತಿರುಗಿಸಿ ನೋಡಿ ಎಣಿಸಿದೆ. ಐದು.

ಅಂದರೆ ನನಗೆ ಗೊತ್ತಿದ್ದರೆ ಅವಳಿಗೆ ಗೊತ್ತು. ನನಗೆ ಗೊತ್ತಿಲ್ಲದಿದ್ದರೆ ಅವಳಿಗೂ ಇಲ್ಲ. ಎರಡು ವರ್ಷ ಅವಳು ಓದಿದ್ದು ಕಾರ್ಡನ್ನಲ್ಲ, ನನ್ನನ್ನು. ಆದರೆ ನನ್ನ ಯಾವುದನ್ನು?

ಭಾನುವಾರ ಮಧ್ಯಾಹ್ನ ಅಂಗಡಿಗೆ ರಜೆ. ನಮ್ಮನೆಯವರು ಕತ್ತರಿಗಳನ್ನೆಲ್ಲ ಬಿಚ್ಚಿ ಒರೆಸಿ ಎಣ್ಣೆ ಬಿಡುತ್ತಿದ್ದರು. ನಾನು ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಅಡುಗೆಮನೆಗೆ ಸುತ್ತುತ್ತಿದ್ದೆ.

"ಏನಾಗಿದೆ ನಿಂಗೆ? ಬೆಳಗ್ಗೆಯಿಂದ ಬುಗುರಿ ತಿರುಗಿದ ಹಾಗೆ ತಿರುಗ್ತಿದೀಯಾ."

ಹೇಳಿದೆ. ಅವರು ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. ಕೈ ಒರೆಸಿಕೊಂಡು ಊಟದ ಮೇಜಿನ ಬೆಂಚಿಗೆ ಬಂದು ಕೂತರು. "ತಗೊಂಡು ಬಾ ಆ ಕಾರ್ಡು. ನಾನೇ ನಿನ್ನ ಪತ್ತೇದಾರಿ. ಪದ ನಂಗೆ ತೋರಿಸ್ಬೇಡ, ಚಿತ್ರ ಮಾತ್ರ ಇಡು."

ಮೊದಲೆರಡು ತಪ್ಪಿದರು. ಮೂರನೆಯದಕ್ಕೆ ಬೆರಳನ್ನು ಅವಳ ಹಾಗೇ ಮೆಲ್ಲಗೆ ಸರಿಸುತ್ತ ಹೋಗಿ ನಿಲ್ಲಿಸಿದರು. ಸರಿ. ನಾಲ್ಕನೆಯದು ಸರಿ. ಹತ್ತರಲ್ಲಿ ಎಂಟು ಸರಿ. ಪದವನ್ನೇ ನೋಡದ ಮನುಷ್ಯ!

"ಹೇಗ್ರೀ?"

"ನಿನ್ನ ಕಾಲು ಕಣೇ. ಬೆಂಚು ಪೂರ್ತಿ ಗಡಗಡ ಅಂತಿರುತ್ತೆ. ನನ್ನ ಬೆರಳು ಸರಿಯಾದ ಚಿತ್ರಕ್ಕೆ ಬಂದ ತಕ್ಷಣ ನಿಂತೋಗುತ್ತೆ. ಮುಂದಕ್ಕೆ ಹೋದ್ರೆ ಮತ್ತೆ ಶುರು. ನಾನು ಕೂತಿರೋ ಕಡೆಗೇ ಸುದ್ದಿ ಬರ್ತಿರುವಾಗ ಪದ ಯಾಕೆ ಬೇಕು?"

ನಾನು ಕಾಲಿನ ಕಡೆ ನೋಡಿದೆ. ಅದು ಅಲ್ಲಾಡುತ್ತಲೇ ಇತ್ತು. ನನಗೆ ಬಂದಷ್ಟು ಸಿಟ್ಟು ಇನ್ನೊಬ್ಬರ ಕಾಲಿನ ಮೇಲೆ ಬಂದಿದ್ದರೆ ಮುರಿದೇ ಹಾಕುತ್ತಿದ್ದೆ. ಪಾಠ ಹೇಳಿಕೊಡುತ್ತಿದ್ದೇನೆಂದು ಬೀಗುತ್ತಿದ್ದವಳು ಎರಡು ವರ್ಷ ಉತ್ತರ ಹೇಳಿಕೊಟ್ಟಿದ್ದೆ. ಆ ಪುಟ್ಟ ಹುಡುಗಿ ಬೆಂಚಿನ ಹಲಗೆಯಿಂದ ನನ್ನನ್ನು ಅಕ್ಷರ ತಪ್ಪದೆ ಓದಿದ್ದಳು. ನನಗೆ ನಾಚಿಕೆಯಾಯಿತು, ಅದರ ಜೊತೆಗೇ ಅವಳ ಮೇಲೆ ಹೆಮ್ಮೆಯೂ ಆಯಿತು. ಅವಳಿಗೆ ಬುದ್ಧಿ ಸಾಲದು ಎಂದವರನ್ನೆಲ್ಲ ಕರೆದು ತೋರಿಸಬೇಕು ಅನ್ನಿಸಿತು. ಪರೀಕ್ಷೆ ಹನ್ನೆರಡು ದಿನ ದೂರವಿತ್ತು.

ಸೋಮವಾರ ಬೆಳಗ್ಗೆ ಪ್ರಾರ್ಥನೆಗೆ ಮುಂಚೆಯೇ ಟೀಚರ ಮೇಜಿನ ಮುಂದೆ ನಿಂತೆ. ಅವರು ಕೇಳುತ್ತ ಕೇಳುತ್ತ ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು.

"ಎರಡು ವರ್ಷದ ಹಾಳೆಗೆಲ್ಲ ನಂದೇ ಸಹಿ" ಎಂದರು. "ನನಗೆ ಮೂವತ್ತೆಂಟು ಮಕ್ಕಳು. ನೀನು ಬರೆದಿದ್ದನ್ನ ನಂಬಿದೆ."

"ನಾನೂ ನಂಬಿದ್ದೆ ಟೀಚರ್."

"ನೋಡಮ್ಮ, ಈಗ ಹೇಳಿದ್ರೆ ಮಗು ಆ ಶಾಲೆಗೆ ಹೋಗುತ್ತೆ, ಅಷ್ಟೇ ಆಗೋದು. ಯಾರಿಗೂ ಹೇಳ್ಬೇಡ. ಪರೀಕ್ಷೆ ಒಂದು ದಾಟಿಬಿಡಲಿ. ಮೂರನೇ ತರಗತಿಗೂ ನೀನೇ ಹೋಗ್ತೀಯಲ್ಲ ಅವಳ ಜೊತೆ. ಅಲ್ಲಿ ಮೊದಲಿಂದ ಕಲಿಸು, ಕಾಲು ಕಟ್ಟಿಕೊಂಡು."

ಅವರ ಮಾತು ತಪ್ಪೆನ್ನಿಸಲಿಲ್ಲ. ಆದರೆ ನನಗೆ ಮೂರನೇ ತರಗತಿಯವರೆಗೆ ಕಾಯಲಾಗಲಿಲ್ಲ. ಅವತ್ತೇ ಬೆಂಚು ಬಿಟ್ಟು ನೆಲದ ಮೇಲೆ ಕೂತೆ, ಕಾಲನ್ನು ಮಡಚಿ ಕೆಳಗೆ ಹಾಕಿಕೊಂಡು. ಪತ್ತೇದಾರಿ ಮೇಲಿನಿಂದ ಬಗ್ಗಿ ನನ್ನನ್ನು ನೋಡಿದಳು. ಬೆರಳು ನಾಲ್ಕು ಚಿತ್ರಗಳ ಮೇಲೆ ಹೋಯಿತು, ಬಂತು, ಮತ್ತೆ ಹೋಯಿತು. ಎಲ್ಲೂ ಏನೂ ನಿಲ್ಲಲಿಲ್ಲ, ಯಾಕೆಂದರೆ ಏನೂ ಅಲ್ಲಾಡುತ್ತಿರಲಿಲ್ಲ. ಹತ್ತನೇ ಕಾರ್ಡಿನ ಹೊತ್ತಿಗೆ ಎಲ್ಲವನ್ನೂ ನೆಲಕ್ಕೆ ತಳ್ಳಿ ಡೆಸ್ಕಿನ ಮೇಲೆ ತಲೆಯಿಟ್ಟಳು. ನಾನು ಕಾರ್ಡು ಆರಿಸುತ್ತ ಮಕ್ಕಳ ಕಾಲುಗಳ ನಡುವೆ ತೆವಳಿದೆ.

ಗೇಟಿನಲ್ಲಿ ತಾಯಿ ಕಾಯುತ್ತಿದ್ದಳು. "ಅಕ್ಕ, ಇವತ್ತೆಷ್ಟು?"

"ಇಪ್ಪತ್ತು" ಎಂದೆ. "ಹಾಳೆ ಮುಗಿದಿದೆ, ನಾಳೆ ಕೊಡ್ತೀನಿ."

"ಇಪ್ಪತ್ತೇನಾ? ಎರಡು ಕಮ್ಮಿ ಆಯ್ತು" ಎಂದು ಮಗಳ ತಲೆ ಸವರಿದಳು. "ಪರವಾಗಿಲ್ಲ ಬಿಡಿ. ಅಂಗಡೀಲಿ ಎಲ್ಲರಿಗೂ ಹೇಳಿದೀನಿ, ನನ್ನ ಮಗಳು ಮೂರನೇ ಕ್ಲಾಸು ಅಂತ."

ಆ ಹನ್ನೆರಡು ದಿನ ನಾನು ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ಮಾಡುತ್ತಿದ್ದ ಕೆಲಸ ಬಿಟ್ಟು ಇನ್ನೊಂದಕ್ಕೆ ಕೈ ಹಾಕುತ್ತಿದ್ದೆ. ಒಂದು ದಿನ ಪೆನ್ಸಿಲ್ ಚೂಪು ಮಾಡುತ್ತ ಮಾಡುತ್ತ ಅರ್ಧ ಪೆನ್ಸಿಲ್ಲೇ ಖಾಲಿ ಮಾಡಿದೆ. ಇನ್ನೊಂದು ದಿನ ಒಂದೇ ಹುಡುಗನ ಎರಡೂ ಶೂಗಳ ಲೇಸುಗಳನ್ನು ಒಂದಕ್ಕೊಂದು ಕಟ್ಟಿಬಿಟ್ಟೆ, ಪಾಪ ಮುಗ್ಗರಿಸಿದ. ಮನೆಯಲ್ಲಿ ಮಾಡಿದ ಅಡುಗೆಗೆ ಉಪ್ಪಿಲ್ಲ, ಇಲ್ಲವೇ ಎರಡು ಸಲ ಉಪ್ಪು. ನಮ್ಮನೆಯವರು ಸದ್ದಿಲ್ಲದೆ ಉಂಡು ಎದ್ದು ಹೋಗುತ್ತಿದ್ದರು.

ನಡುವೆ ಒಂದು ದಾರಿ ಹೊಳೆಯಿತು. ಚಿತ್ರಗಳನ್ನೆಲ್ಲ ಬದಿಗಿಟ್ಟು ಪದದ ಕಾರ್ಡುಗಳನ್ನೇ ಹಾಕಿದೆ. 'ಮೀನು' ಎಂದು ನಾನೇ ಬರೆದುಕೊಂಡ ಮೂರು ಕಾರ್ಡು, 'ದೋಣಿ' ಎಂಬ ಒಂದು. "ಇದರಲ್ಲಿ ಯಾವುದೋ ಒಂದು ಕಳ್ಳ ಸೇರ್ಕೊಂಡಿದೆ, ಹಿಡೀತೀಯಾ?" ಎಂದೆ. ಪತ್ತೇದಾರಿ ತಲೆ ಎತ್ತಿದಳು. ಕಾರ್ಡುಗಳ ಮೇಲೆ ಹೀಗೆ ಬಗ್ಗಿದ್ದನ್ನು ನಾನು ಎರಡು ವರ್ಷದಲ್ಲಿ ಕಂಡಿರಲಿಲ್ಲ. ಮೂಗು ತಾಗುವಷ್ಟು ಹತ್ತಿರ. ಆಮೇಲೆ ದೋಣಿಯ ಮೇಲೆ ಬೆರಳಿಟ್ಟು "ಬೇರೆ" ಎಂದಳು. ನಾನು ನೆಲದಲ್ಲಿ ಕೂತೇ ಚಪ್ಪಾಳೆ ತಟ್ಟಿದೆ. ಟೀಚರ್ ಪಾಠ ನಿಲ್ಲಿಸಿ ನೋಡಿದರು, ಇಡೀ ತರಗತಿ ತಿರುಗಿತು.

ಹಿಡಿದ ಕಳ್ಳನ ಪಕ್ಕ ಅದರ ಚಿತ್ರ ಇಟ್ಟು ಹೆಸರು ಹೇಳಿಕೊಟ್ಟೆ. ಹಾಗೆ ಒಂದೊಂದೇ. ಮೀನು ಬಂತು, ದೋಣಿ ಬಂತು, ಮೂರು ದಿನಕ್ಕೆ ಏಣಿ ಬಂತು. ಒಂದು ಬಂದು ಮರುದಿನ ಹೋಗುತ್ತಿತ್ತು, ಮತ್ತೆ ಹಿಡಿದು ತರುತ್ತಿದ್ದೆವು. ಪರೀಕ್ಷೆಯ ಹಿಂದಿನ ದಿನ ನಾನು ಗೋಡೆಯ ಕಡೆ ಮುಖ ಮಾಡಿ ನಿಂತು, ಟೀಚರೇ ಕೇಳಿದರು. ನಿಜವಾಗಿ ಓದಿದ ಪದ ಏಳು. ಏಳು ಪದ ನನ್ನ ಪಾಲಿಗೆ ಏಳು ಬೆಟ್ಟ ಹತ್ತಿದಷ್ಟಾಗಿತ್ತು. ಆದರೆ ಬೇಕಾಗಿದ್ದು ಹದಿನೈದು.

ಪರೀಕ್ಷಕರು ನಡುವಯಸ್ಸಿನವರು, ನೆಗಡಿಯಾಗಿತ್ತು, ಜೇಬಿನಿಂದ ಕರವಸ್ತ್ರ ತೆಗೆಯುತ್ತ ಇಡುತ್ತ ಇದ್ದರು. ಮಕ್ಕಳನ್ನು ಟೀಚರ್ ಮೈದಾನಕ್ಕೆ ಕಳಿಸಿದರು. ತಾಯಿ ಅರ್ಧ ದಿನ ರಜೆ ಹಾಕಿ ಬಾಗಿಲ ಹತ್ತಿರ ನಿಂತಿದ್ದಳು, ಕೊರಳಲ್ಲಿ ಟೇಪು ಇರಲಿಲ್ಲ. ನಾನು ದೂರ ನಿಲ್ಲಲು ಹೊರಟೆ.

"ನೀವು ಪಕ್ಕದಲ್ಲೇ ಕೂತ್ಕೊಳ್ಳಿ" ಎಂದರು ಪರೀಕ್ಷಕರು. "ಅಭ್ಯಾಸದವರು ಇದ್ರೆ ಮಗು ಹೆದರಲ್ಲ. ಮಾತಾಡ್ಬಾರದು, ಕೈ ತೋರಿಸ್ಬಾರದು, ಅಷ್ಟೇ."

ಕಾಲಿನ ಬಗ್ಗೆ ಅವರ ನಿಯಮದಲ್ಲಿ ಏನೂ ಇರಲಿಲ್ಲ. ಕೂತೆ. ಎರಡೂ ಪಾದಗಳನ್ನು ಬೆಂಚಿನ ಕಾಲಿಗೆ ಸುತ್ತಿ ಹಾಕಿಕೊಂಡೆ. ಟೀಚರ್ ನನ್ನನ್ನೇ ನೋಡುತ್ತಿದ್ದರು.

ಮೊದಲ ಕಾರ್ಡು ಅವಳಿಗೆ ಬಾರದ ಪದ. ಬೆರಳು ನಾಲ್ಕೂ ಚಿತ್ರಗಳ ಮೇಲೆ ಹೋಗಿ ಬಂತು. ಅವಳು ನನ್ನ ಕಡೆ ನೋಡಿದಳು. ಮತ್ತೆ ಹೋಗಿ ಬಂತು. ಪರೀಕ್ಷಕರು ಮೂಗು ಒರೆಸಿಕೊಂಡು ತಪ್ಪಿನ ಗುರುತು ಹಾಕಿದರು. ಎರಡನೆಯದೂ ತಪ್ಪು. ಬಾಗಿಲಲ್ಲಿ ತಾಯಿ ತನ್ನ ಕೈಬೆರಳುಗಳನ್ನು ಹಿಸುಕಿಕೊಳ್ಳುತ್ತಿದ್ದಳು. ಮೂರನೆಯ ಕಾರ್ಡು ಇಟ್ಟಾಗ ಪತ್ತೇದಾರಿಯ ಎಡಗೈ ಡೆಸ್ಕಿನ ಕೆಳಗೆ ಇಳಿಯಿತು. ನನ್ನ ಮೊಣಕಾಲಿನ ಮೇಲೆ ಅಂಗೈ ಇಟ್ಟು, ನಿದ್ದೆ ಹೋದವರನ್ನು ಎಬ್ಬಿಸುವ ಹಾಗೆ ಮೆಲ್ಲಗೆ ಅಲ್ಲಾಡಿಸಿದಳು.

ನನ್ನಿಂದ ತಡೆಯಲಾಗಲಿಲ್ಲ. ಪಾದ ಬಿಡಿಸಿಕೊಂಡೆ. ಕಾಲು ತಾನಾಗಿ ಶುರುವಾಯಿತು ಎಂದು ಹೇಳಿ ತಪ್ಪಿಸಿಕೊಳ್ಳಬಹುದು, ಆದರೆ ಅದು ಸುಳ್ಳು. ನಾನೇ ಅಲ್ಲಾಡಿಸಿದೆ, ನಾನೇ ನಿಲ್ಲಿಸಿದೆ. ಅವಳ ಮುಖದಲ್ಲಿ ಬೆಳಕು ಬಂತು. ಮೂರನೆಯದು ಸರಿ, ನಾಲ್ಕನೆಯದು ಸರಿ, ಐದನೆಯದೂ ಸರಿ. ನಡುವೆ 'ಮೀನು' ಬಂದಾಗ ಅವಳು ಕಾಲಿಗೆ ಕಾಯದೆ ಬೆರಳನ್ನು ನೇರವಾಗಿ ಮೀನಿನ ಮೇಲಿಟ್ಟಳು. 'ಏಣಿ'ಗೂ ಹಾಗೇ. ಅವಳದಾದ ಏಳು ಪದಗಳಿಗೆ ಅವಳು ನನ್ನನ್ನು ಕೇಳಲೇ ಇಲ್ಲ. ಅದನ್ನು ನೋಡಿದವಳು ನಾನೊಬ್ಬಳೇ. ಮಿಕ್ಕವರಿಗೆ ಎಲ್ಲ ಸರಿ ಉತ್ತರವೂ ಒಂದೇ ಥರ ಕಂಡಿತು.

"ಇಪ್ಪತ್ತೆರಡು!" ಪರೀಕ್ಷಕರು ಪೆನ್ನಿನಿಂದ ಗೆರೆ ಎಳೆದರು. "ಶಭಾಷ್. ಶುರುವಲ್ಲಿ ಸ್ವಲ್ಪ ಗಾಬರಿ, ಆಮೇಲೆ ಎಷ್ಟು ಚೆನ್ನಾಗಿ ಓದಿದಳು. ನೀವು ಚೆನ್ನಾಗಿ ಕಲಿಸಿದೀರಮ್ಮ."

ತಾಯಿ ಬಾಗಿಲಿಗೆ ಒರಗಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಟೀಚರ್ ದೊಡ್ಡದಾಗಿ ಉಸಿರು ಬಿಟ್ಟರು. ಪರೀಕ್ಷಕರು ಹಾಳೆ ತಿರುಗಿಸಿ ಇನ್ನೊಂದು ಕಡೆ ಬರೆಯತೊಡಗಿದರು. ಬರೆಯುತ್ತ ಬರೆಯುತ್ತಲೇ ಹೇಳಿದರು, "ಇಷ್ಟು ಬಂದ ಮೇಲೆ ಮೂರನೇ ತರಗತೀಲಿ ಸಹಾಯಕಿ ಬೇಕಾಗಲ್ಲ. ಮಗು ಸ್ವಂತ ಕೂತು ಕಲೀಲಿ. ನಿಮ್ಮನ್ನ ಬೇರೆ ಮಗುವಿಗೆ ಹಾಕ್ತೀವಿ. ಕಾಯ್ತಿರೋರು ಬೇಕಾದಷ್ಟಿದಾರೆ."

ಟೀಚರ್ ಮುಖ ನೋಡಿದೆ. ಅವರು ಕಿಟಕಿಯ ಕಡೆ ತಿರುಗಿದರು. ನಮ್ಮ ಲೆಕ್ಕಾಚಾರದಲ್ಲಿ ಇದೊಂದು ಇರಲೇ ಇಲ್ಲ. ಮೂರನೇ ತರಗತಿಯಲ್ಲಿ ಪಕ್ಕದಲ್ಲಿ ನಾನಿಲ್ಲದೆ, ಏಳು ಪದ ಇಟ್ಟುಕೊಂಡು, ಪಾಠದ ಪುಸ್ತಕ ತೆರೆದು ಕೂತ ಪತ್ತೇದಾರಿ ನನ್ನ ಕಣ್ಣೆದುರು ಬಂದಳು. ಅವಳು ಪಕ್ಕದ ಖಾಲಿ ಹಲಗೆಯ ಮೇಲೆ ಕೈಯಿಟ್ಟು ಕಾಯುತ್ತಾಳೆ. ಅವಳಿಗೆ ಓದು ಬರುತ್ತದೆಂದು ಕಚೇರಿಯ ಕಾಗದವೇ ಹೇಳುವಾಗ ಕಲಿಸುವವರು ಯಾರು? ಸೋಮಾರಿ ಅನ್ನುತ್ತಾರೆ, ಹಟಮಾರಿ ಅನ್ನುತ್ತಾರೆ.

"ಸಾರ್, ಅದಕ್ಕೆ ಸಹಿ ಹಾಕ್ಬೇಡಿ" ಎಂದೆ.

ಆಮೇಲೆ ಎಲ್ಲ ಹೇಳಿದೆ. ಎರಡು ವರ್ಷ ಪಿಸುಮಾತಾಡಿ ಅಭ್ಯಾಸವಾದ ಗಂಟಲು, ಅವತ್ತು ಎಲ್ಲಿಂದ ಬಂತೋ ದನಿ, ಮೈದಾನದಲ್ಲಿದ್ದ ಮಕ್ಕಳಿಗೂ ಕೇಳಿಸಿರಬೇಕು. ಪರೀಕ್ಷಕರು ನಂಬಲಿಲ್ಲ. "ಹಾಗಾದ್ರೆ ನನ್ನ ಹತ್ರ ಮಾಡಿ ತೋರಿಸಿ" ಎಂದರು. ನನ್ನ ಪಕ್ಕ ಆ ಪುಟ್ಟ ಬೆಂಚಿನಲ್ಲಿ ಕಷ್ಟಪಟ್ಟು ಕೂತು, ಕಣ್ಣು ಮುಚ್ಚಿಕೊಂಡು ಬೆರಳು ಸರಿಸಿದರು. ನಾಲ್ಕಕ್ಕೆ ನಾಲ್ಕೂ ಸರಿ ಬಂತು. ಕರವಸ್ತ್ರ ತೆಗೆದವರು ಮೂಗೊರೆಸುವುದನ್ನೇ ಮರೆತರು. ನನ್ನನ್ನು ಹೊರಗೆ ಕಳಿಸಿ ಮಗುವನ್ನು ಮತ್ತೆ ಕೇಳಿದರು. ನಾನು ಪಡಸಾಲೆಯಲ್ಲಿ ಈ ತುದಿಯಿಂದ ಆ ತುದಿಗೆ ನಡೆದೆ. ಅವರು ಹೊರಗೆ ಬಂದು "ಹತ್ತು" ಎಂದರು. ಏಳು ಅವಳದು, ಮೂರು ಅದೃಷ್ಟ.

ತಾಯಿ ಅವರ ಹಿಂದೆಯೇ ಬಂದಳು. ನಾನು ಬೈಗುಳಕ್ಕೆ ಸಿದ್ಧಳಾಗಿದ್ದೆ. ಅವಳು ಬೈಯಲಿಲ್ಲ.

"ಹಾಗಾದ್ರೆ ಗೋಡೆ ತುಂಬ ನಾನು ಅಂಟಿಸ್ಕೊಂಡಿರೋದು ನಿಮ್ಮ ಅಂಕಗಳನ್ನಾ ಅಕ್ಕ?" ಎಂದಳು. ಮಗಳ ಕೈ ಹಿಡಿದು ಹೊರಟಳು. ಪತ್ತೇದಾರಿ ಮಾತ್ರ ಗೇಟಿನವರೆಗೂ ನನ್ನನ್ನು ತಿರುಗಿ ತಿರುಗಿ ನೋಡುತ್ತ ಹೋದಳು. ಅಂದು ನಾನು ಅತ್ತಷ್ಟು ನನ್ನ ಮದುವೆಯಲ್ಲೂ ಅತ್ತಿರಲಿಲ್ಲ.

ಪರೀಕ್ಷಕರು ಎರಡು ದಿನ ಯೋಚಿಸಿ ಬರೆದ ವರದಿ ಆಮೇಲೆ ಬಂತು. ಹತ್ತು ಹದಿನೈದಕ್ಕೆ ಸಮವಲ್ಲ, ಮೂರನೇ ತರಗತಿ ಇಲ್ಲ. ಆದರೆ ಹನ್ನೆರಡು ದಿನದಲ್ಲಿ ಏಳು ಪದ ಕಲಿತ ಮಗುವನ್ನು ಚೀಲ ಅಂಟಿಸಲು ಕಳಿಸುವುದೂ ಸರಿಯಲ್ಲ. ಇನ್ನೊಂದು ವರ್ಷ ಎರಡನೇ ತರಗತಿಯಲ್ಲೇ ಇರಲಿ, ಹೊಸ ಸಹಾಯಕಿಯ ಜೊತೆ. ಹಳೆಯ ಸಹಾಯಕಿ ಮಗುವಿನ ಹತ್ತಿರ ಕೂರತಕ್ಕದ್ದಲ್ಲ. ಕೊನೆಯ ಸಾಲನ್ನು ಟೀಚರ್ ಓದಿ ಹೇಳುವಾಗ ಅವರ ದನಿ ಸಣ್ಣಗಾಯಿತು. ಅವರಿಗೂ ಒಂದು ಎಚ್ಚರಿಕೆಯ ಪತ್ರ ಬಂದಿತ್ತು. ನನ್ನ ಮೇಲೆ ಅವರು ಹರಿಹಾಯಬಹುದಿತ್ತು, ಹಾಗೆ ಮಾಡಲಿಲ್ಲ.

ಈಗ ನಾನು ಕಚೇರಿ ಕೋಣೆಯಲ್ಲಿ ಪ್ರಶ್ನೆಪತ್ರಿಕೆಗಳ ಜೆರಾಕ್ಸ್ ತೆಗೆಯುತ್ತೇನೆ, ಪಿನ್ನು ಹೊಡೆದು ತರಗತಿ ತರಗತಿಗೂ ಹಂಚುತ್ತೇನೆ. ದಿನವಿಡೀ ನಿಂತೇ ಇರುವ ಕೆಲಸ, ಕಾಲಿಗೆ ಹೇಳಿಮಾಡಿಸಿದ್ದು. ಹೊಸ ಸಹಾಯಕಿ ಶಾಂತ ಸ್ವಭಾವದವಳು, ಕೂತರೆ ಕಂಬದ ಹಾಗೆ ಕೂರುತ್ತಾಳೆ. ಪತ್ತೇದಾರಿಗೆ ಎಷ್ಟು ಪದ ಬಂತು ಎಂದು ಅವಳನ್ನು ಕೇಳಬೇಕೆನ್ನಿಸುತ್ತದೆ, ಕೇಳುವುದಿಲ್ಲ. ತಾಯಿ ಗೇಟಿನಲ್ಲಿ ಈಗ ಅವಳೊಡನೆ ಮಾತಾಡುತ್ತಾಳೆ. ನನ್ನನ್ನು ಕಂಡರೆ ಮಗಳ ಬ್ಯಾಗು ಸರಿಮಾಡುತ್ತ ನಿಲ್ಲುತ್ತಾಳೆ.

ಮೊನ್ನೆ ಒಂದು ಕಂತೆ ಹಾಳೆ ಎತ್ತಿಕೊಂಡು ಎರಡನೇ ತರಗತಿಯ ಕಿಟಕಿಯ ಬದಿಯಿಂದ ಹೋಗುತ್ತಿದ್ದೆ. ಒಳಗೆ ನೋಡಬಾರದೆಂದು ದಿನವೂ ಅಂದುಕೊಳ್ಳುತ್ತೇನೆ, ದಿನವೂ ನೋಡುತ್ತೇನೆ. ಅವಳ ಮುಂದೆ ಕಾರ್ಡು ಇತ್ತು, ಹೊಸ ಪದ, ನಾನು ಕಲಿಸದೇ ಇದ್ದದ್ದು. 'ಕುದುರೆ'. ಕೆಳಗೆ ನಾಲ್ಕು ಚಿತ್ರ. ಬೆರಳು ಮೇಲೆ ತೇಲುತ್ತ ಹೋಯಿತು, ಬಂತು. ಪಕ್ಕದವಳು ಅಲ್ಲಾಡಲಿಲ್ಲ. ಪತ್ತೇದಾರಿ ಬೆಂಚಿನ ಹಲಗೆ ಮುಟ್ಟಿ ನೋಡಿದಳು. ಆಮೇಲೆ ಕಾರ್ಡಿನ ಕಡೆ ಬಗ್ಗಿದಳು. ಎಷ್ಟು ಹೊತ್ತು ಬಗ್ಗಿದ್ದಳೋ. ಎಡದಿಂದ ಎರಡನೆಯದು, ಎಡದಿಂದ ಎರಡನೆಯದು ಕಣೇ, ಎಂದು ನನ್ನ ಮೈಯೆಲ್ಲ ಹೇಳುತ್ತಿತ್ತು.

ಅಷ್ಟರಲ್ಲಿ ಅವಳು ತಲೆ ಎತ್ತಿದಳು. ಕಿಟಕಿಯ ಕಡೆ ತಿರುಗತೊಡಗಿದಳು.

ಅವಳ ಕಣ್ಣು ನನ್ನ ಮೇಲೆ ಬೀಳುವ ಮೊದಲೇ ನಾನು ತಟ್ಟನೆ ಕಿಟಕಿಯ ಕೆಳಗೆ ಕುಕ್ಕರಿಸಿದೆ. ಹಾಳೆಗಳನ್ನು ಎದೆಗೆ ಒತ್ತಿಕೊಂಡು, ಗೋಡೆಗೆ ಬೆನ್ನು ಹಚ್ಚಿ, ತಲೆ ತಗ್ಗಿಸಿ ಕೂತೆ. ಒಂದು ಸಲ ನೋಡಿದ್ದರೆ ಸಾಕಿತ್ತು, ನಾನು ಅವಳಿಗೆ ಕಂಡಿದ್ದರೆ ಸಾಕಿತ್ತು, ಸರಿ ಉತ್ತರ ಅವಳ ಕೈಗೆ ಸಿಕ್ಕಿಬಿಡುತ್ತಿತ್ತು.

ಜವಾನ ಬಕೆಟ್ಟು ಹಿಡಿದುಕೊಂಡು ಆ ದಾರಿಯಲ್ಲಿ ಬಂದ. "ಏನಾಯ್ತಮ್ಮ? ತಲೆ ಸುತ್ತು ಬಂತಾ? ಏಳಿ, ನೀರು ತರ್ತೀನಿ."

"ಶ್..." ಎಂದು ಅವನ ಪ್ಯಾಂಟು ಹಿಡಿದೆಳೆದೆ. "ನೀವೂ ಕೂತ್ಕೊಳ್ಳಿ. ಒಳಗೆ ಅವಳು ಓದ್ತಿದಾಳೆ."